ಕೊಟ್ರಪ್ಪಜ್ಜನಿಗೆ ನಾನು ಹಾಕಿದ ಹಾರ

ನಿವೃತ್ತಿಯಾದ ಮೇಲೆ ಕೆಲವರು ಯೋಗ ಕಲಿಯುತ್ತಾರೆ, ಕೆಲವರು ಸೊಸೆಯ ತಪ್ಪು ಹುಡುಕುತ್ತಾರೆ. ನಾನು ಊರವರ ಪೂರ್ವಜರನ್ನು ಹುಡುಕುತ್ತೇನೆ. ದಾವಣಗೆರೆಯ ನಮ್ಮ ಬಡಾವಣೆಯಲ್ಲಿ ಯಾರ ಮುತ್ತಜ್ಜ ಯಾರೆಂದು ತಿಳಿಯಬೇಕಾದರೆ ನನ್ನ ಬಳಿಗೇ ಬರಬೇಕು. ಯಾರೂ ಬರುವುದಿಲ್ಲ, ಹಾಗಾಗಿ ನಾನೇ ಹೋಗಿ ಹೇಳಿ ಬರುತ್ತೇನೆ!

ನನ್ನ ವಾರಕ್ಕೊಂದು ಶಿಸ್ತಿದೆ. ಸೋಮವಾರ, ಮಂಗಳವಾರ ಸುತ್ತಲಿನ ಹಳ್ಳಿಗಳಿಗೆ ಹೋಗಿ ಹಿರಿಯರನ್ನು ಮಾತನಾಡಿಸುವುದು. ಬುಧವಾರ ಗ್ರಂಥಾಲಯದ ಮಹಡಿಯಲ್ಲಿ ವಂಶವೃಕ್ಷ ಬರೆಯುವ ಪಾಠ. ಗುರುವಾರ ತಾರಸಿಯ ಗುಲಾಬಿಗಳಿಗೆ ಮೀಸಲು. ಪಾಠದಲ್ಲಿ ನಾನು ಮೊದಲು ಹೇಳುವುದು ಒಂದೇ ಮಾತು: "ನಮ್ಮ ಕಡೆ ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುತ್ತಾರೆ. ಹೆಸರು ಒಂದೇ ಅಂತ ಇಬ್ಬರನ್ನು ಒಬ್ಬರನ್ನಾಗಿ ಮಾಡಬೇಡಿ!" ಇಷ್ಟು ಹೇಳಿ ಕನ್ನಡಕ ಸರಿಮಾಡಿಕೊಳ್ಳುತ್ತೇನೆ. ಆ ಗತ್ತನ್ನು ನೀವು ನೋಡಬೇಕು.

ಪಕ್ಕದ ಮನೆಯ ಗಿರಿಜಮ್ಮನ ಮಗಳು ವಿದ್ಯಾಳಿಗೆ ಹರಿಹರ ತಾಲ್ಲೂಕಿನ ಸಾರಥಿಯ ಹುಡುಗ ಗೊತ್ತಾದ. ಹೆಸರು ಮಂಜುನಾಥ, ಇಲ್ಲೇ ಊರಂಚಿನ ಕರೂರಿನ ಒಂದು ಕಾರ್ಖಾನೆಯಲ್ಲಿ ಕೆಲಸ. ವಿದ್ಯಾ ನನ್ನ ಹತ್ತಿರವೇ ಇತಿಹಾಸ ಓದಿದವಳು. ಆ ಹುಡುಗನ ಫೋನ್ ಬಂದರೆ ಸಾಕು, ಒಲೆಯ ಮೇಲಿನ ಹಾಲು ಉಕ್ಕಿ ಹೋದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ನಿಶ್ಚಿತಾರ್ಥಕ್ಕೆ ಎರಡೂ ಮನೆತನಗಳ ವಂಶವೃಕ್ಷ ಬರೆದು ಉಡುಗೊರೆ ಕೊಡುತ್ತೇನೆಂದು ನಾನು ಘೋಷಿಸಿದೆ. ಯಾರೂ ಕೇಳಿರಲಿಲ್ಲ.

"ಇದ್ರೊಳಗೆ ತಲೆ ಹಾಕಬ್ಯಾಡ ಸುಮಾ," ಎಂದರು ನಮ್ಮ ಮನೆಯವರು. "ಒಂದು ಕುಕ್ಕರ್ ಕೊಟ್ಟು, ಉಂಡು ಬರಾಣ."

"ಕುಕ್ಕರ್ ಯಾರು ಬೇಕಾದ್ರೂ ಕೊಡ್ತಾರೆ. ಪೂರ್ವಜರನ್ನ ಯಾರು ಕೊಡ್ತಾರೆ?" ಎಂದೆ.

ವಿದ್ಯಾಳ ಮನೆತನ ಲೋಕಿಕೆರೆಯದು. ಅಲ್ಲಿಗೆ ಹೋಗಿ, ಹೊಲದ ಬದುವಿನಲ್ಲಿದ್ದ ಅವಳ ಮುತ್ತಜ್ಜನ ಅಪ್ಪನ ಸಮಾಧಿಯನ್ನೇ ಪತ್ತೆ ಹಚ್ಚಿದೆ. ಹೆಸರು ಕೊಟ್ರಪ್ಪ. ಇನ್ನು ಹುಡುಗನ ಕಡೆಯದಕ್ಕೆ ಸಾರಥಿಗೆ ಹೋಗಬೇಕಿತ್ತು. ಆದರೆ ಅಂದು ಗುರುವಾರ, ಗುಲಾಬಿ ಕತ್ತರಿಸುವ ದಿನ! ಒಂದು ಕೈಯಲ್ಲಿ ಕತ್ತರಿ ಹಿಡಿದೇ ಹುಡುಗನ ಚಿಕ್ಕಪ್ಪನಿಗೆ ಫೋನ್ ಮಾಡಿದೆ.

"ನಮ್ಮಪ್ಪನ ಹೆಸರು ಕೊಟ್ರಪ್ಪ ಅಂತ್ರಿ. ಹುಟ್ಟಿದ್ದು ಲೋಕಿಕೆರೆಯಾಗೆ. ಅವ್ವ ಗಂಗಮ್ಮ. ಇನ್ನೊಂದು ಏನಂದ್ರೆ..."

"ಸಾಕು, ಸಾಕು!" ಎಂದು ಫೋನ್ ಇಟ್ಟೆ. ಅದೇ ಊರು, ಅದೇ ಕೊಟ್ರಪ್ಪ! ಎರಡೂ ಮನೆತನಕ್ಕೆ ಒಬ್ಬನೇ ಮೂಲಪುರುಷ! ಅಷ್ಟು ಹಳೆಯ ಮನುಷ್ಯನಿಗೆ ಇಷ್ಟು ಎಳೆಯ ಮೊಮ್ಮಗ ಹೇಗೆ ಎಂಬ ಸಣ್ಣ ಸಂಶಯ ಬಂತು. ನುರಿತ ಸಂಶೋಧಕಿಗೆ ಅದೊಂದು ತೊಡಕೇ? ಆತನಿಗೆ ಎರಡನೇ ಹೆಂಡತಿ ಇದ್ದಿರಬೇಕು! ಗಂಗಮ್ಮನನ್ನು ಆ ಸ್ಥಾನದಲ್ಲಿ ಕೂರಿಸಿದೆ. ತೀರಿಕೊಂಡವರ ಹೆಸರಿಗೆ ಪುಟ್ಟ ಹಾರ ಬಿಡಿಸುವುದು ನನ್ನ ಪದ್ಧತಿ. ಕೊಟ್ರಪ್ಪನಿಗೂ ಒಂದು ಹಾರ ಬಿತ್ತು, ಬಣ್ಣದ್ದು. ಕೆಳಗೆ 'ಸಮಾಧಿ: ಲೋಕಿಕೆರೆ' ಎಂದೂ ಬರೆದೆ.

ನಿಶ್ಚಿತಾರ್ಥದ ಬೆಳಿಗ್ಗೆ ಕೊನೆಯ ಗೆರೆ ಎಳೆಯುವಾಗ ನನ್ನ ಕೈ ನಿಂತಿತು. ನನ್ನ ಲೆಕ್ಕದಲ್ಲಿ ಹುಡುಗನ ಅಪ್ಪ ವಿದ್ಯಾಳ ಮುತ್ತಜ್ಜನಿಗೆ ತಮ್ಮನಾಗುತ್ತಿದ್ದ. ಅಂದರೆ ಹುಡುಗ ಅವಳಿಗೆ ಸಣ್ಣಜ್ಜ! ಅಜ್ಜ-ಮೊಮ್ಮಗಳ ಮದುವೆ! ಅಯ್ಯೋ ಶಿವನೇ!

ಓಡಿದೆ. ಗಿರಿಜಮ್ಮ ಹೋಳಿಗೆಗೆ ಹೂರಣದ ಉಂಡೆ ಕಟ್ಟುತ್ತಿದ್ದರು.

"ಗಿರಿಜಮ್ಮ, ಗಟ್ಟಿ ಮನಸ್ಸು ಮಾಡ್ಕೊಳ್ರಿ. ವರಸೆ ಕೂಡಲ್ಲ. ಹುಡುಗ ನಿಮ್ಮ ವಿದ್ಯಾಗೆ ಅಜ್ಜ ಆಗ್ತಾನೆ."

ಅವರ ಕೈಯಲ್ಲಿದ್ದ ಹೂರಣದುಂಡೆ ಪರಾತದೊಳಗೆ ಬಿತ್ತು. "ಏನಂದ್ರಿ ಟೀಚರ್? ಅಜ್ಜಾನಾ?"

ವಿದ್ಯಾ ಅರ್ಧ ಹೆಣೆದ ಜಡೆಯಲ್ಲೇ ಹೊರಗೆ ಬಂದಳು. "ಟೀಚರ್, ಅವರಿಗಿನ್ನೂ ಮೀಸೇನೇ ಸರಿಯಾಗಿ ಬಂದಿಲ್ಲ!" ಎಂದವಳು, ಅಷ್ಟರಲ್ಲೇ ಅಳತೊಡಗಿದಳು. ಅವಳ ತಲೆ ಸವರಿದೆ. ಆದರೂ ಸತ್ಯ ಸತ್ಯವೇ ಅಲ್ಲವೇ? ಗಿರಿಜಮ್ಮನ ಯಜಮಾನರು ಬೀಗರಿಗೆ ಫೋನ್ ಮಾಡಲು ಹೊರಟರು. ಫೋನ್ ಹಚ್ಚುವುದರೊಳಗೆ ಬೀಗರ ಟೆಂಪೊ ಬಾಗಿಲಿಗೇ ಬಂದು ನಿಂತಿತು.

ಯಾರೂ "ಬರ್ರಿ" ಎನ್ನಲಿಲ್ಲ. ನಗುನಗುತ್ತ ಇಳಿದವರು ಹೊಸ್ತಿಲಲ್ಲೇ ನಿಂತರು. ಎಲ್ಲರಿಗೂ ಅರ್ಥವಾಗಲೆಂದು ನಾನು ವಂಶವೃಕ್ಷವನ್ನು ಗೋಡೆಗೆ ಆನಿಸಿ ಬಿಡಿಸಿ ಹಿಡಿದೆ. ತಲೆಗೆ ಬಿಳಿ ಪಟಗ ಸುತ್ತಿದ ಒಬ್ಬ ಅಜ್ಜ ಮುಂದೆ ಬಂದು, ಬೆರಳಿಟ್ಟು ನಿಧಾನವಾಗಿ ಓದಿದರು.

"ಯವ್ವಾ, ನಾನು ಯಾವಾಗ ಸತ್ತೆ?"

"ತಾವು... ಯಾರು?"

"ಕೊಟ್ರಪ್ಪ. ಹುಡುಗನ ಅಜ್ಜ. ಹಾರ ಚಲೋ ಐತೆ, ಬಿಡು."

ಅಷ್ಟರಲ್ಲಿ ಹಿಂದಿನಿಂದ ಒಬ್ಬ ಅಜ್ಜಿ ನುಗ್ಗಿ ಬಂದರು. ಗಂಗಮ್ಮ! "ಏನಂತ ಬರದಾಳೆ? ನಾನು ಎರಡ್ನೇದಾಕಿನಾ? ಹಂಗಾರೆ ಮೊದಲ್ನೇದಾಕಿ ಯಾರು? ಇಷ್ಟು ವರ್ಷ ನನಗೆ ಯಾಕ ಹೇಳ್ಲಿಲ್ಲ ನೀನು?"

"ನನಗೂ ಈಗಲೇ ಗೊತ್ತಾತು ಕಣೇ!" ಎಂದರು ಅಜ್ಜ.

ನಾನು ಹಾಳೆಯ ಹಿಂದೆ ಮುಖ ಮುಚ್ಚಿಕೊಂಡೆ. ಅಜ್ಜ ಕುಳಿತುಕೊಂಡು, ಮಗುವಿಗೆ ಹೇಳುವಂತೆ ಹೇಳಿದರು. "ನೀನು ಸಮಾಧಿ ನೋಡಿದ್ಯಲ್ಲ, ಅವ್ರು ನಮ್ಮವ್ವನ ಅಪ್ಪ. ಅವ್ವ ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋಗಿದ್ಲು. ಅಲ್ಲೇ ಹುಟ್ಟಿದೆ, ಅವರ ಹೆಸರೇ ನನಗಿಟ್ರು. ಹುಡುಗಿ ಲೋಕಿಕೆರೆ ಮನೆತನದಾಕಿ ಅಂದ ಕೂಡಲೇ ಹೂಂ ಅಂದಾವ ನಾನೇ. ನಮ್ಮವ್ವನ ತವರು ಮತ್ತೆ ನಮ್ಮನಿಗೆ ಬರ್ಲಿ ಅಂತ. ಮಾವನ ಮಗಳು ವರಸೆ, ಇದಕ್ಕಿಂತ ಚಲೋ ಸಂಬಂಧ ಎಲ್ಲೈತೆ?"

ಅಜ್ಜ ವಿದ್ಯಾಳತ್ತ ಕೈ ಚಾಚಿದರು. ವಿದ್ಯಾ ಬಂದು ಅವರ ಕಾಲಿಗೆ ಬಿದ್ದಳು. ಗಿರಿಜಮ್ಮ ಕಣ್ಣೊರೆಸಿಕೊಂಡು ಹೋಳಿಗೆ ಹಂಚು ಒಲೆಗೇರಿಸಿದರು. ನಮ್ಮ ಮನೆಯವರು ಮಾತ್ರ ನನ್ನ ಕಿವಿಯ ಹತ್ತಿರ ಬಂದು, "ಕುಕ್ಕರ್ ಅಂಗಡಿ ಇನ್ನೂ ತೆಗದೈತೆ," ಎಂದರು.

ಮುಂದಿನ ಬುಧವಾರ ಪಾಠಕ್ಕೆ ನಿಂತೆ. "ಹೆಸರು ಒಂದೇ ಅಂತ..." ಎಂದು ಶುರು ಮಾಡಿದೆ. ಸುದ್ದಿ ನನಗಿಂತ ಮೊದಲೇ ಮಹಡಿ ಹತ್ತಿತ್ತು. ಇಡೀ ತರಗತಿ ಗೊಳ್ಳೆಂದು ನಕ್ಕಿತು. ಕನ್ನಡಕ ಸರಿಮಾಡಿಕೊಳ್ಳಲು ಹೋದ ಕೈ ಅರ್ಧಕ್ಕೇ ವಾಪಸಾಯಿತು.

ಹಾರವನ್ನು ಅಳಿಸಿಬಿಟ್ಟೆ. ಆದರೆ ಅಜ್ಜ ಬಿಡಬೇಕಲ್ಲ! ನಾನು ಗುಲಾಬಿಗೆ ನೀರು ಹಾಕುವ ಹೊತ್ತಿಗೆ ಸರಿಯಾಗಿ ದಿನಾ ಬೆಳಿಗ್ಗೆ ಸಾರಥಿಯಿಂದ ಫೋನ್ ಬರುತ್ತದೆ.

"ಯವ್ವಾ, ಕೊಟ್ರಪ್ಪ. ಇವತ್ತೂ ಅದೀನಿ, ಬರ್ಕೋ."

"ಬರ್ಕೊಂಡೆ ಅಜ್ಜಾರೆ," ಎನ್ನುತ್ತೇನೆ.

ಹಿಂದಿನಿಂದ ಗಂಗಮ್ಮನ ದನಿಯೂ ಕೇಳುತ್ತದೆ: "ಆ ಮೊದಲ್ನೇದಾಕಿ ಸಿಕ್ಕಳೇನು, ಕೇಳು!"