ಲಾವಣ್ಯಳ ಇಂಟರ್‌ವ್ಯೂಗೆ ನಾನು ಕೊಟ್ಟ ತರಬೇತಿ

ಹೆಣ್ಣು ನೋಡಲು ಹೋಗುವಾಗ ಶಿಡ್ಲಘಟ್ಟದ ಸುತ್ತಮುತ್ತಲಿನ ನಮ್ಮ ನೆಂಟರು ನನ್ನನ್ನು ಬಿಟ್ಟು ಹೊರಡುವುದಿಲ್ಲ. ಪ್ರೀತಿಯಿಂದಲ್ಲ. ಉಳಿದವರು ಉಪ್ಪಿಟ್ಟು ತಿನ್ನುತ್ತಾ ಹಲ್ಲು ಬಿಡುವಾಗ ಕೇಳಬೇಕಾದ್ದನ್ನು ಕೇಳಿಬಿಡುವ ಒಂದು ಬಾಯಿ ಬೇಕಲ್ಲ, ಅದಕ್ಕೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೂ ಜನರನ್ನು ಎದುರಿಗೆ ಕೂರಿಸಿಕೊಂಡು ಅಳೆಯುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದುಕೊಂಡಿದ್ದೆ. ಹಾಗಾಗಿ ಮೊಮ್ಮಗಳು ಲಾವಣ್ಯ ತನಗೆ ಇಂಟರ್‌ವ್ಯೂ ಬಂತೆಂದು ಕುಣಿದಾಗ ಅವಳಿಗಿಂತ ಹೆಚ್ಚು ಕುಣಿದವಳು ನಾನು. ಮಂಡಿನೋವು ಇರುವುದು ಮಾರನೇ ದಿನ ನೆನಪಾಯಿತು.

ಲಾವಣ್ಯ ದಿನಾ ಬಸ್ಸಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಹೋಗಿ ಸೆಕೆಂಡ್ ಪಿಯುಸಿ ಓದುತ್ತಾಳೆ. ಬೆಂಗಳೂರಿನ ಒಂದು ಯೂನಿವರ್ಸಿಟಿಯವರು ಪರೀಕ್ಷೆಗೆ ಮೊದಲೇ ಮಕ್ಕಳನ್ನು ಮಾತಾಡಿಸಿ ಸೀಟು ಕೊಡುತ್ತಾರಂತೆ. ಗಿಡಮರಗಳ ವಿಷಯವನ್ನೇ ಓದಬೇಕೆಂಬುದು ಇವಳ ಹಟ. ಅವಳಪ್ಪ, ಅಂದರೆ ನನ್ನ ಮಗ, ಖಡಾಖಂಡಿತವಾಗಿ ಹೇಳಿದ್ದ: ಈ ಸೀಟು ಸಿಕ್ಕರೆ ಹಾಸ್ಟೆಲಿಗೆ ಕಳಿಸುತ್ತೇನೆ, ಇಲ್ಲದಿದ್ದರೆ ಮನೆಯಿಂದ ಹೋಗಿಬರುವ ಕಾಲೇಜು, ಅಲ್ಲಿ ಇರುವ ಓದು.

ಹುಡುಗಿ ಯೂಟ್ಯೂಬು ನೋಡಿಕೊಂಡು ಇಂಗ್ಲಿಷಿನ ಉತ್ತರಗಳನ್ನು ಬಾಯಿಪಾಠ ಮಾಡುತ್ತಿದ್ದಳು. ನಾನು ಅದನ್ನು ನಿಲ್ಲಿಸಿ, ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು, ಅಡುಗೆಮನೆಯಿಂದ ನಡೆದು ಬಾ ಎಂದೆ. ಫೋನಿನ ವಿಡಿಯೋದಲ್ಲಿ ನಡೆಯುವ ಇಂಟರ್‌ವ್ಯೂಗೆ ನಡಿಗೆ ಯಾಕೆ ಎಂದು ಸಿಡುಕಿದಳು.

"ಅವರೇನು ನನ್ನ ಹೆಣ್ಣು ನೋಡೋಕೆ ಬರ್ತಾರಾ ಅಜ್ಜಿ?"

"ಎಲ್ಲಾ ಒಂದೇ ಕಣಮ್ಮ. ತಲೆ ಬಗ್ಗಿಸ್ಕೊಂಡು ಕೇಳಿದ್ದಕ್ಕಷ್ಟೇ ಹೇಳು. ದುರುಗುಟ್ಕೊಂಡು ನೋಡೋ ಹುಡುಗೀರ್ನ ನಾನೇ ಎಷ್ಟೋ ಸಲ ಬೇಡ ಅಂದಿದೀನಿ."

ಇಂಟರ್‌ವ್ಯೂ ದಿನ ಅವಳು ರೂಮಿನೊಳಗೆ, ನಾನು ಅರ್ಧ ತೆರೆದ ಬಾಗಿಲ ಹೊರಗೆ ಅವರೆಕಾಯಿ ಸುಲಿಯುತ್ತಾ ಕೂತೆ. ಕಾಳು, ಸಿಪ್ಪೆ ಎರಡೂ ಒಂದೇ ಪಾತ್ರೆಗೆ ಬೀಳುತ್ತಿದ್ದವು; ಸಂಭ್ರಮಕ್ಕೆ ಕಣ್ಣೇ ಕಾಣುತ್ತಿರಲಿಲ್ಲ. ಸ್ವಲ್ಪ ಹೊತ್ತು ಇಂಗ್ಲಿಷು ನಡೆಯಿತು. ಆಮೇಲೆ ಫೋನಿನೊಳಗಿನ ಮೇಡಂ ದನಿ ಗಡುಸಾಗಿ ಕನ್ನಡಕ್ಕೆ ಇಳಿಯಿತು. ಕೆಳಗೆ ಏನೋ ಇಟ್ಟುಕೊಂಡು ನೋಡಿ ಓದುತ್ತಿದ್ದೀಯಲ್ಲ, ಹಾಗಾದರೆ ಸೀಟು ಕೊಡೋಕಾಗಲ್ಲ ಎಂದರು. ಲಾವಣ್ಯ ನಾನು ಹೇಳಿಕೊಟ್ಟಂತೆ ಇನ್ನಷ್ಟು ತಲೆ ತಗ್ಗಿಸಿದಳು.

ಪಾತ್ರೆ ಸಮೇತ ಒಳಗೆ ನುಗ್ಗಿದೆ. "ಚೀಟಿಗೀಟಿ ಏನೂ ಇಲ್ಲ ಮೇಡಮ್ಮೋರೆ, ತಲೆ ಬಗ್ಗಿಸು ಅಂತ ನಾನೇ ಹೇಳ್ಕೊಟ್ಟಿದ್ದು" ಎಂದು ಫೋನನ್ನು ಕಿತ್ತುಕೊಂಡು ನೆಲಕ್ಕೆ ತಿರುಗಿಸಿ ತೋರಿಸಿದೆ. ಅವಳ ಪಾದಗಳು, ನನ್ನ ಪಾತ್ರೆಯಿಂದ ಉದುರಿದ ಸಿಪ್ಪೆ, ಅಷ್ಟೇ. ಮೇಡಂ ಪಕ್ಕದಲ್ಲಿದ್ದವರು ಯಾರೋ ನಕ್ಕರು. ಮೇಡಂ ನಗಲಿಲ್ಲ. ತಲೆ ಎತ್ತಿ ಹೇಳಮ್ಮ, ಗಿಡದ ಬಗ್ಗೆ ಯಾಕೆ ಓದಬೇಕು ಎಂದು ಕೇಳಿದರು.

ಬಾಯಿಪಾಠ ಎಲ್ಲಾ ಹಾರಿಹೋಗಿತ್ತು. ಲಾವಣ್ಯ ನನ್ನ ಪಾತ್ರೆ ನೋಡಿದಳು, ಆಮೇಲೆ ಮೇಡಂ ಮುಖ.

"ಚಳಿ ಬಿದ್ದಾಗ ಅವರೆಕಾಯಿಗೆ ಅಷ್ಟೊಂದು ಸೊಗಡು ಎಲ್ಲಿಂದ ಬರುತ್ತೆ ಅಂತ ಚಿಕ್ಕೋಳಿಂದ ಕೇಳ್ತಿದೀನಿ ಮೇಡಂ. ಯಾರೂ ಹೇಳಲ್ಲ. ಅಜ್ಜಿ ಅಂತೂ ಸುಮ್ನೆ ಸುಲಿ ಅಂತಾರೆ."

ಆಮೇಲೆ ಮಾತು ನಿಲ್ಲಲೇ ಇಲ್ಲ. ಅರ್ಧ ಕನ್ನಡ, ಅರ್ಧ ಇಂಗ್ಲಿಷು. ನನ್ನನ್ನು ಹೊರಗೆ ಕಳಿಸುವುದೂ ಅವರಿಗೆ ಮರೆತುಹೋಯಿತು.

ಸೀಟು ಸಿಕ್ಕಿತು. ಸಂತೋಷ ಜಾಸ್ತಿಯಾದರೆ ನನ್ನ ಬಾಯಲ್ಲಿ ತೆಲುಗು ಬರುತ್ತದೆ, ಅದೂ ಗಟ್ಟಿಯಾಗಿ. ಅವತ್ತು ಬೀದಿಯವರೆಲ್ಲ ಜಗಳವೆಂದುಕೊಂಡು ಓಡಿ ಬಂದರು. ಮಗ ಮಾತಿಗೆ ತಪ್ಪಲಿಲ್ಲ, ಹಾಸಿಗೆ, ಬಕೆಟ್ಟು ತಂದಿಟ್ಟ.

ಸೇರಿಸಲು ಬರುವಾಗ ಅಜ್ಜಿಯನ್ನೂ ಕರೆದುಕೊಂಡು ಬಾ ಎಂದಿದ್ದಾರಂತೆ ಆ ಮೇಡಂ. ಅದಕ್ಕೆ ಈಗ ಲಾವಣ್ಯ ನನಗೆ ತರಬೇತಿ ಕೊಡುತ್ತಿದ್ದಾಳೆ. ನಮಸ್ಕಾರ ಅನ್ನು, ಕೂತ್ಕೋ, ಕಾಫಿ ಕೊಟ್ಟರೆ ಕುಡಿ, ಬಾಯಿ ಮಾತ್ರ ಬಿಡಬೇಡ. ನಿನ್ನೆ ಮತ್ತೆ ಮತ್ತೆ ಕೂರಿಸಿ ನೋಡಿದಳು. ಪ್ರತಿ ಸಲವೂ ಫೇಲು. ಮೇಡಂಗೆ ಮದುವೆಯಾಗಿದೆಯಾ, ಮಕ್ಕಳೆಷ್ಟು ಎಂದೆಲ್ಲ ಕೇಳಬಾರದಂತೆ. ಸರಿ, ಮತ್ತೆ ಮಾತಾಡುವುದಾದರೂ ಏನನ್ನು?