ರೋವರ್ಸ್ ಪತನಕ್ಕೆ ಮಾವಿಸ್ ಕಾರಣ

ಫುಟ್‌ಬಾಲ್ ತಂಡ ಸೋಲುವುದು ಗೋಲು ಹೊಡೆಯಲಾಗದೆ. ಆಟ ನೋಡಲು ಬಂದ ಹೆಂಗಸಿನ ಕಾಲ್ಗುಣದಿಂದಲ್ಲ. ಇದು ಮಕ್ಕಳಿಗೂ ಗೊತ್ತು. ಕ್ರಾಕ್ಸ್‌ಬಿ ರೋವರ್ಸ್ ಕ್ಲಬ್ಬಿನ ಇತಿಹಾಸಕಾರನಿಗೆ ಮಾತ್ರ ಗೊತ್ತಿರಲಿಲ್ಲ. ಆ ಮಹಾನುಭಾವ ನಾನೇ.

ಮದುವೆಯಾದ ಹೊಸತರಲ್ಲಿ ಮಾವಿಸಳನ್ನು ಸೀಸನ್ನಿನ ಕೊನೆಯ ಪಂದ್ಯಕ್ಕೆ ಕರೆದೊಯ್ದೆ. ಸೋತೆವು, ಕೆಳಗಿನ ಡಿವಿಷನ್ನಿಗೆ ಜಾರಿದೆವು. (ಅವಳಿಲ್ಲದೆಯೂ ಚಳಿಗಾಲವಿಡೀ ಸೋತಿದ್ದೆವು. ಇತಿಹಾಸಕಾರರು ಇಂಥ ಚಿಲ್ಲರೆ ಸಂಗತಿಗಳನ್ನು ಗಣಿಸುವುದಿಲ್ಲ.) ಅಂದಿನಿಂದ ಅವಳು ಮೈದಾನದತ್ತ ಸುಳಿಯಕೂಡದೆಂದು ಕಟ್ಟಪ್ಪಣೆ. ಶನಿವಾರ ಬಂತೆಂದರೆ ಅವಳು ಅಕ್ಕನ ಮನೆಗೆ, ನಾನು ಗೋಲಿನ ಹಿಂದಿನ ಮೆಟ್ಟಿಲಿಗೆ.

ಈ ವರ್ಷ ನನ್ನ ಮಹಾಗ್ರಂಥ ಅಚ್ಚಾಯಿತು: ರೋವರ್ಸಿನ ಸೀಸನ್‌ವಾರು ಚರಿತ್ರೆ. ಕ್ಲಬ್ಬಿನ ಬಾರಿನಲ್ಲಿ ಬಿಡುಗಡೆ; ಪಂದ್ಯವಿಲ್ಲದ ದಿನ, ಹಾಗಾಗಿ ಮಾವಿಸಳಿಗೂ ಪ್ರವೇಶ. ಬಿಯರ್, ಮಾಂಸದ ಹೂರಣದ ಬಿಸಿ ಪೈ, ಚಪ್ಪಾಳೆ. ಆಗ ಮಾವಿಸ್ ಕನ್ನಡಕ ಏರಿಸಿಕೊಂಡು, ಪುಸ್ತಕ ಹಿಡಿದು ಎದ್ದಳು.

“ಡೆರಿಕ್, ಇಲ್ಲೇನೋ ಬರ್ದಿದೀಯಲ್ಲ, ಓದ್ಲಾ? ‘ಆ ಸೀಸನ್ನಿನ ಪತನಕ್ಕೆ ಕಾರಣ, ಲೇಖಕನ ಪತ್ನಿಯ ಆಗಮನ.’”

ಬಾರು ಗೊಳ್ಳೆಂದಿತು. ನಾನೂ ನಕ್ಕೆ. ಅವಳು ನಗಲಿಲ್ಲ.

“ತಮಾಷೆಗೆ ಕಣೇ.”

“ತಮಾಷೆ ಮನೇಲಿ ಮಾಡು, ಕೇಳಿಸ್ಕೋತೀನಿ. ಇದು ಅಚ್ಚಾಗಿದೆ. ಮೊಮ್ಮಕ್ಕಳು ಓದ್ತಾರೆ, ಅಜ್ಜಿ ಅನಿಷ್ಟ ಅಂತ.” ಪುಟ ಮಗುಚಿದಳು. “ಮೇಲಿನ ಡಿವಿಷನ್‌ಗೆ ಹತ್ತಿದ ಸೀಸನ್‌ಗೆ ಏನು ಕಾರಣ? ‘ಲೇಖಕನ ಅದೃಷ್ಟದ ಕಾಲುಚೀಲ’! ಒಗೀದೇ ನಾರ್ತಿದ್ದ ಕಾಲುಚೀಲ! ಆ ವರ್ಷಾನೂ ನಾನಿದ್ನಲ್ಲೋ ಅಲ್ಲಿ!”

“ಎಲ್ಲಿ?”

“ಎದುರಿನ ಸ್ಟ್ಯಾಂಡಲ್ಲಿ, ಅಕ್ಕನ ಪಕ್ಕ. ಎಲ್ಲಾ ಶನಿವಾರ. ಸೊಂಟ ಮುರ್ಕೊಂಡು ಮಲಗಿದ್ದ ವರ್ಷ ಮಾತ್ರ ಬರ್ಲಿಲ್ಲ. ಆ ವರ್ಷ ಏನಾಯ್ತು, ಹೇಳಪ್ಪ ಇತಿಹಾಸಕಾರ.”

ಹೇಳುವುದೇನು? ಮತ್ತೆ ಜಾರಿದ್ದೆವು.

ಮೈದಾನದಲ್ಲಿ ಪೈ ಅಂಗಡಿ ಇಟ್ಟಿರುವ ವಿನಿಫ್ರೆಡ್ ಬಾಯಿ ಹಾಕಿದಳು: “ನಮಗೆಲ್ಲ ಗೊತ್ತಿತ್ತು ಡೆರಿಕ್. ನೀನು ಪೈ ಕೊಳ್ಳೋಕೆ ಬಂದಾಗೆಲ್ಲ ಇವಳನ್ನ ನನ್ನ ಬೆನ್ನ ಹಿಂದೆ ಕೂರಿಸ್ಕೋತಿದ್ದೆ.”

“ಹಾಗಾದ್ರೆ ಮಾವಿಸ್ ನಮ್ಮ ಜೊತೆ ಗೋಲಿನ ಹಿಂದೆ ನಿಲ್ಲಲಿ!” ಹಿಂದಿನಿಂದ ಯಾರೋ ಕೂಗಿದರು. “ಈ ಶನಿವಾರ ಡೆರಿಕ್ ಮನೇಲಿರ್ಲಿ!”

ಬಾರಿನ ಕೈಗಳೆಲ್ಲ ಮೇಲೆದ್ದವು. ನನ್ನದೇ ಸಿದ್ಧಾಂತ, ವಾದಿಸುವುದಾದರೂ ಹೇಗೆ?

ಶನಿವಾರ ರೇಡಿಯೋ ಮುಂದೆ ಒಬ್ಬನೇ ಕೂತೆ. ರೋವರ್ಸ್ ಗೆದ್ದರು, ಅದೂ ಮೂರು ಗೋಲುಗಳಿಂದ. ಆದರೆ ನಾನು ನಾಚಿದ್ದು ಆ ಗೆಲುವಿಗಲ್ಲ. ಕಟ್ಟಿಕೊಂಡವಳು ಒಂದು ಆಟ ನೋಡಲು ಪೈ ಅಂಗಡಿಯಲ್ಲಿ ಅಡಗಬೇಕಾಯಿತು. ಊರೇ ಸೇರಿ ಅವಳನ್ನು ನನ್ನಿಂದ ಕಾಪಾಡಬೇಕಾಯಿತು. ಎದುರಿನ ಸ್ಟ್ಯಾಂಡ್ ಕಾಣದವನು ಕ್ಲಬ್ಬಿನ ಚರಿತ್ರೆ ಬರೆದನಂತೆ! ತಮ್ಮ ಸೋಲಿಗೆಲ್ಲ ಮನೆಯ ಹೆಂಗಸನ್ನು ಹೊಣೆ ಮಾಡುವ ಗಂಡಸರ ಸಾಲಿನಲ್ಲಿ ಮೊದಲ ಸೀಟು ನನ್ನದು.

ಆ ಪುಸ್ತಕ ನಿಮ್ಮ ಮನೆಯಲ್ಲಿದ್ದರೆ ಈಗಲೇ ತೆಗೆಯಿರಿ. ಅವಳ ಮೇಲಿನ ಆ ಸಾಲನ್ನು ಶಾಯಿಯಲ್ಲೇ ಹೊಡೆದುಹಾಕಿ; ಪೆನ್ಸಿಲ್ ಬೇಡ. ಶನಿವಾರ ಮೈದಾನಕ್ಕೆ ಹೋಗಿ ಆ ಪುಟವನ್ನು ಮಾವಿಸಳಿಗೆ ತೋರಿಸಿ ಬನ್ನಿ.