ಸೀಮೆಸುಣ್ಣದಲ್ಲಿ ಮನೆ ಕಟ್ಟಿದವಳು

ಇನ್ನೂ ಕಟ್ಟಿಯೇ ಇಲ್ಲದ ಮನೆಯೊಳಗೆ ನುಗ್ಗಿದ್ದಕ್ಕೆ ಪೊಲೀಸರಿಂದ ಬೈಸಿಕೊಂಡವರು ಈ ಭೂಮಿಯ ಮೇಲೆ ಯಾರಾದರೂ ಇದ್ದಾರೆಯೇ? ಇದ್ದಾರೆ ಸ್ವಾಮಿ! ಒಬ್ಬಳು ನಾನೀಗ ಹೇಳಹೊರಟಿರುವ ಐರ್ಲೆಂಡಿನ ಆರ್ಕಿಟೆಕ್ಟ್ ಮಹಾತಾಯಿ. ಇನ್ನೊಬ್ಬರು, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ನಮ್ಮತ್ತೆ. ಮೂರನೆಯವಳು ನಾನೇ.

ಎಂಬತ್ತರ ದಶಕದ ಕೊನೆಯ ಮಾತು. ನ್ಯೂಯಾರ್ಕಿಗೆ ಹತ್ತಿರದ ಪಾರ್ಸಿಪನಿ ಎಂಬ ಊರಿನ ಒಂದು ಸಣ್ಣ ಆರ್ಕಿಟೆಕ್ಟ್ ಆಫೀಸಿನಲ್ಲಿ ನಾನು ನಕ್ಷೆ ಬರೆಯುವ ಕೆಲಸಕ್ಕಿದ್ದೆ. ಈಕೆಯದು ನನ್ನ ಪಕ್ಕದ ಟೇಬಲ್ಲು. ಪಕ್ಕದ ಕುರ್ಚಿ ಎನ್ನಲಿಲ್ಲ, ಗಮನಿಸಿ. ಕುರ್ಚಿಯ ಮೇಲೆ ಕೂರುತ್ತಿದ್ದದ್ದು ಆಕೆಯ ಕೋಟು. ಆಕೆ ನಿಂತೇ ಬರೆಯುವುದು, ನಿಂತೇ ತಿನ್ನುವುದು, ನಿಂತೇ ಬಾಸ್ ಜೊತೆ ಜಗಳವಾಡುವುದು. ನನಗಿಂತ ಹತ್ತು ವರ್ಷ ದೊಡ್ಡವಳು, ಬಹುವಚನ ಕೊಡಬೇಕಾದ್ದು ಧರ್ಮ. ಆದರೆ ಮರ್ಯಾದೆಯಿಂದ ಒಂದು ಮಾತು ಮುಗಿಸುವಷ್ಟರಲ್ಲಿ ಆಕೆ ಪಕ್ಕದ ಕೋಣೆಗೆ ಹೋಗಿಬಿಟ್ಟಿರುತ್ತಿದ್ದಳು! ಕಾಲಲ್ಲಿ ಚಕ್ರ ಇತ್ತೋ ಏನೋ.

ಐರ್ಲೆಂಡಿನ ಪಶ್ಚಿಮ ಕರಾವಳಿಯ ಪುಟ್ಟ ಊರೊಂದರ ಗಾರೆ ಕೆಲಸದವನ ಮಗಳು. ಓದಿ ಆರ್ಕಿಟೆಕ್ಟ್ ಆದಳು. ಅಲ್ಲಿ ಕೆಲಸವೇ ಇಲ್ಲ. ಸರಿ, ಟೂರಿಸ್ಟ್ ವೀಸಾದಲ್ಲಿ ನ್ಯೂಯಾರ್ಕಿಗೆ ಬಂದಳು, ಇಲ್ಲೇ ಉಳಿದಳು. ಮ್ಯಾನ್‌ಹಟನ್ನಿನ ದೊಡ್ಡ ಆಫೀಸಿನವರು ಆಕೆಯನ್ನು ಗಗನಚುಂಬಿ ಕಟ್ಟಡವೊಂದರ ಟಾಯ್ಲೆಟ್ಟುಗಳ ನಕ್ಷೆಗೆ ಹಚ್ಚಿದರು. ಹೆಂಗಸಲ್ಲವೇ, ಮೂಲೆ ಕೆಲಸ ಸಾಕು ಎಂದು! ಈಕೆ ಹೆಂಗಸರ ಟಾಯ್ಲೆಟ್ಟಿನ ಮುಂದೆ ಯಾವಾಗಲೂ ಕ್ಯೂ ಇರುತ್ತದೆ ಎಂದು ವಾದಿಸಿದಳು. ಯಾರೂ ಕೇಳಲಿಲ್ಲ. ಡೈರೆಕ್ಟರರ ಕೋಣೆಯ ಗೋಡೆಯನ್ನು ನಕ್ಷೆಯಲ್ಲೇ ಒಂದಷ್ಟು ಹಿಂದಕ್ಕೆ ತಳ್ಳಿ, ಟಾಯ್ಲೆಟ್ಟನ್ನು ದೊಡ್ಡದು ಮಾಡಿದಳು. ಡೈರೆಕ್ಟರು ಆಕೆಯನ್ನೇ ಹೊರಕ್ಕೆ ತಳ್ಳಿದರು.

ಹಾಗೆ ನಮ್ಮ ಪಾರ್ಸಿಪನಿಗೆ ಬಂದು ಬಿದ್ದಳು. ಕಾಗದಪತ್ರ ಸರಿಯಿಲ್ಲದವಳು ಎಂದು ಬಾಸ್‌ಗೆ ಗೊತ್ತು. ಅದಕ್ಕೇ ಅರ್ಧ ಸಂಬಳ. ನಕ್ಷೆ ಈಕೆಯದು, ಕೆಳಗಿನ ಸೀಲು ಬಾಸ್‌ದು. ಒಳ್ಳೇ ನ್ಯಾಯ! ನಾನು ಹೊಟ್ಟೆ ಉರಿದುಕೊಂಡರೆ ಆಕೆ ಮಾತ್ರ, "ಮನೆಗೆ ಹೆಸರು ಓದೋಕೆ ಬರಲ್ಲ, ಬಿಡು," ಎಂದು ನಗುತ್ತಿದ್ದಳು. (ಆಕೆ ಹೇಳಿದ್ದು ಇಂಗ್ಲಿಷಿನಲ್ಲಿ. ಆ ಐರಿಷ್ ಇಂಗ್ಲಿಷ್ ಅರ್ಥ ಮಾಡಿಕೊಳ್ಳುವುದಕ್ಕಿಂತ ಕನ್ನಡ ಕಲಿಸುವುದೇ ಸುಲಭವಿತ್ತು.)

ಆ ವರ್ಷ ನಾವೊಂದು ಹಳೆಯ ಮನೆ ಕೊಂಡೆವು. ಅಡುಗೆಮನೆ ಬೆಂಕಿಪೊಟ್ಟಣದಷ್ಟು. ದೊಡ್ಡದು ಮಾಡಿಸಲು ಈಕೆಯನ್ನೇ ಕೇಳಿದೆ. ಅಳತೆಪಟ್ಟಿ ಹಿಡಿದು ಬರುತ್ತಾಳೆಂದುಕೊಂಡರೆ ಬರಿಗೈಲಿ ಬಂದು, ಇಡೀ ದಿನ ನಮ್ಮತ್ತೆಯ ಹಿಂದೆ ಸುತ್ತಿದಳು! ಅತ್ತೆ ಮದ್ದೂರಿನ ಕಡೆಯವರು. ಸುಮ್ಮನಿರುತ್ತಾರೆಯೇ?

"ಯಾಕಮ್ಮಿ ಇವ್ಳು ನನ್ನ ಬಾಲ ಹಿಡ್ಕಂಡು ತಿರುಗ್ತಾವ್ಳೆ?"

"ನೀವು ಹೇಗೆ ಓಡಾಡ್ತೀರ ಅಂತ ನೋಡ್ತಿದಾಳೆ ಅತ್ತೆ. ಆರ್ಕಿಟೆಕ್ಟ್ ಅವಳು."

"ಅಂದ್ರೆ ಇಂಜಿನಿಯರಮ್ಮ ಅನ್ನು."

"ಇಂಜಿನಿಯರ್ ಬೇರೆ, ಆರ್ಕಿಟೆಕ್ಟ್ ಬೇರೆ ಅತ್ತೆ."

"ಎಲ್ಲಾ ಒಂದೇ. ಇರೋ ಗೋಡೆ ಕೆಡವೋರು."

ಮಧ್ಯಾಹ್ನ ಮುದ್ದೆ ಬಡಿಸಿದರೆ ನಿಂತುಕೊಂಡೇ ಬಾಯಿಗಿಟ್ಟು ಕಚಕಚ ಅಗಿದಳು. ಅತ್ತೆ ಹಣೆ ಚಚ್ಚಿಕೊಂಡರು. "ಮುದ್ದೆ ಅಗಿಯೋಳ ಕೈಲಿ ಅಡುಗೆಮನೆ ಕಟ್ಟಿಸ್ತೀಯಾ? ಮಾಡು, ಮಾಡು."

ಮುಂದಿನ ಭಾನುವಾರ ನಮ್ಮಿಬ್ಬರನ್ನೂ ಆಫೀಸು ಕಟ್ಟಡಗಳ ಆವರಣವೊಂದರ ಖಾಲಿ ಪಾರ್ಕಿಂಗ್ ಲಾಟಿಗೆ ಕರೆಸಿಕೊಂಡಳು. ನೋಡಿದರೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ನಮ್ಮ ಹೊಸ ಅಡುಗೆಮನೆ! ಗೋಡೆ, ಒಲೆ, ಸಿಂಕು, ಕಿಟಕಿ, ಬಾಗಿಲು, ಎಲ್ಲ ನಿಜದ ಅಳತೆಯಲ್ಲಿ. ಇದೇ ಆಕೆಯ ಹುಚ್ಚು. "ಕಾಗದದ ಮೇಲೆ ಯಾರು ಬೇಕಾದರೂ ಸುಖವಾಗಿರಬಹುದು. ಇಲ್ಲಿ ಅಡುಗೆ ಮಾಡಿ ತೋರಿಸಿ," ಎಂದಳು. ನನಗೆ ನಗು. ಅತ್ತೆಗೆ ನಗು ಬರಲಿಲ್ಲ. ಸೀರೆಯ ಮೇಲೆ ದಪ್ಪ ಕೋಟು, ತಲೆಗೆ ಉಣ್ಣೆ ಟೋಪಿ, ಆ ಚಳಿಯಲ್ಲಿ ಶೂ ಬಿಚ್ಚಿ ಸೀಮೆಸುಣ್ಣದ ಹೊಸ್ತಿಲಿನ ಆಚೆಗಿಟ್ಟು, ಬಲಗಾಲಿಟ್ಟು ಒಳಗೆ ಹೋದರು! ಇಲ್ಲದ ಒಲೆ ಹಚ್ಚಿದರು, ಇಲ್ಲದ ಬೇಳೆ ತೊಳೆದರು. ನಾನು ಹತ್ತಿರವಾಗುತ್ತದೆಂದು ಗೆರೆ ದಾಟಿ ಹೋದರೆ, "ಗೋಡೆ ತೂರ್ಕಂಡು ಬತ್ತೀಯಲ್ಲ, ದೆವ್ವವಾ ನೀನು?" ಎಂದು ಗದರಿದರು. ಇಂಜಿನಿಯರಮ್ಮನಿಗೆ ಕುಣಿದಾಡುವಷ್ಟು ಖುಷಿ. ಸಿಂಕನ್ನು ಅಳಿಸಿ, ಅತ್ತೆ ಕೈ ಚಾಚಿದಲ್ಲಿಗೆ ತಂದಳು.

ಅಷ್ಟರಲ್ಲಿ ಪೊಲೀಸ್ ಕಾರು ಬಂತು. ಆವರಣದವರ ಅನುಮತಿ ಕೇಳಿದ್ದರೆ ತಾನೇ? ಆರಡಿಯ ಆಸಾಮಿ ಇಳಿದು ಸೀದಾ ನಡೆದು ಬಂದು, "ಇಲ್ಲೇನು ನಡೆಯುತ್ತಿದೆ?" ಎಂದ.

"ಅಯ್ಯೋ, ಒಲೆ ಮ್ಯಾಲೆ ನಿಂತವ್ನಲ್ಲೇ!" ಅತ್ತೆ ಚೀರಿದರು.

ನಾನು ಅದನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ಅವನು ಕೆಳಗೆ ನೋಡಿದ, ಅತ್ತೆಯ ಮುಖ ನೋಡಿದ. ಪಾಪ, ಹಿಂದೆ ಸರಿದು ಸುತ್ತಿಕೊಂಡು ಹೋಗಿ ಬಾಗಿಲಿನಿಂದಲೇ ಒಳಗೆ ಬಂದ! ಬಂದವನು ನಮ್ಮ ಮೂವರಿಗೂ ಚೆನ್ನಾಗಿ ಬೈದು, ಮನೆ ಖಾಲಿ ಮಾಡಿಸಿ ಕಳಿಸಿದ. ಬಯ್ಯುವಷ್ಟು ಹೊತ್ತೂ ಆಕೆ ಪೊಲೀಸನ ಕಡೆ ತಿರುಗಿಯೂ ನೋಡಲಿಲ್ಲ ಎಂದು ಆಮೇಲೆ ನನಗೆ ಹೊಳೆಯಿತು. ಹೆಸರು ಕೇಳಿದ್ದರೆ, ಕಾಗದ ಕೇಳಿದ್ದರೆ, ಅಲ್ಲಿಗೆ ಕಥೆ ಮುಗಿಯುತ್ತಿತ್ತು.

ನಮ್ಮ ಅಡುಗೆಮನೆಯ ಹಳೆಯ ಗೋಡೆ ಕೆಡವಿದ ವಾರವೇ ಆಕೆಯ ಊರಿನಿಂದ ಸುದ್ದಿ ಬಂತು. ಅಪ್ಪ ಆಸ್ಪತ್ರೆಯಲ್ಲಿದ್ದಾನೆ, ಉಳಿಯುವುದು ಕಷ್ಟ. ವೀಸಾದ ಅವಧಿ ಮೀರಿ ಉಳಿದವಳು, ಒಮ್ಮೆ ಹೋದರೆ ಮತ್ತೆ ಒಳಗೆ ಬಿಡುವುದಿಲ್ಲ. ಅಲ್ಲಿ ಕೆಲಸವಿಲ್ಲ, ಇರುವುದು ಇಲ್ಲಿನ ಈ ಅರ್ಧ ಸಂಬಳದ ಕೆಲಸ ಒಂದೇ. ಆಗ ಆಕೆಯ ಓಡಾಟ ನೋಡಬೇಕಿತ್ತು! ಪೆನ್ಸಿಲ್ ಚೂಪು ಮಾಡಿದ್ದನ್ನೇ ಮತ್ತೆ ಚೂಪು ಮಾಡುವುದು, ಕಿಟಕಿ ತೆಗೆಯುವುದು, ಹಾಕುವುದು, ಪಾರ್ಕಿಂಗಿಗೆ ಹೋಗಿ ಕಾರಿನಲ್ಲಿ ಕೂರದೆ ವಾಪಸ್ ಬರುವುದು. "ಹೋದರೆ ಕೆಲಸವೂ ಹೋಯಿತು ಅಂತಲೇ ತಿಳಿ," ಎಂದ ಬಾಸ್. ನನಗೆ ಅವನ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಅವನ ಸೀಲು ಕಿತ್ತು ಅವನ ಹಣೆಗೇ ಒತ್ತಿಬಿಡೋಣ ಅನ್ನಿಸಿತು.

ಸಂಜೆ ನಮ್ಮ ಮನೆಗೆ ಬಂದಳು. ಕೆಡವಿದ ಗೋಡೆಯ ಜಾಗಕ್ಕೆ ಕಟ್ಟಿದ್ದ ಟಾರ್ಪಾಲು ಪಟಪಟ ಹೊಡೆದುಕೊಳ್ಳುತ್ತಿತ್ತು. "ಇದನ್ನ ಹೀಗೆ ಬಿಟ್ಟು ಹೇಗೆ ಹೋಗಲಿ?" ಎಂದಳು. ಕೇಳಿದ್ದು ಅಡುಗೆಮನೆಯ ಬಗ್ಗೆ ಒಂದೇ ಅಲ್ಲ ಎಂದು ನನಗೆ ಗೊತ್ತು. ಅತ್ತೆಗೆ ವಿಷಯ ವಿವರಿಸಿದೆ, ವೀಸಾದ್ದೂ ಹೇಳಿದೆ. ಅವರು ಆಕೆಯ ಮೊಣಕೈ ಹಿಡಿದು ಹೇಳಿದರು:

"ಅಡುಗೆಮನೆ ಇನ್ನೊಂದು ಕಟ್ಟಿಸ್ಕಬೋದು ಕಣವ್ವ. ಅಪ್ಪನ್ನ ಕಟ್ಟಿಸ್ಕಳಕ್ಕಾಯ್ತದಾ?"

ಮಾರನೇ ದಿನವೇ ವಿಮಾನ ಹತ್ತಿದಳು.

ಗುತ್ತಿಗೆದಾರ ಆಕೆಯ ನಕ್ಷೆಯ ಪ್ರಕಾರವೇ ಕೆಲಸ ಮುಗಿಸಿದ. ಬಾಸ್ ಸೀಲು ಒತ್ತಿದ. ಎಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ಫೋನು ಬಂತು. ಆಕೆಯೇ!

"ಅಪ್ಪ ಸಿಕ್ಕಿದರಾ?" ಎಂದೆ ಮೊದಲು.

"ಸಿಕ್ಕರು. ಗುರುತು ಹಿಡಿದರು. ಇಷ್ಟು ವರ್ಷದ ಮೇಲೆ ಬಂದವಳು ನನ್ನ ನೋಡೋದು ಬಿಟ್ಟು ಆಸ್ಪತ್ರೆ ಗೋಡೆ ನೋಡ್ತೀಯಾ ಅಂತ ಬೈದರು. ಆ ವಾರವೇ ಹೋದರು. ಸರಿ, ಈಗ ನನ್ನನ್ನ ಅಡುಗೆಮನೆಗೆ ಕರ್ಕೊಂಡು ಹೋಗು."

"ಏನು?"

"ನಾನಂತೂ ಅದನ್ನ ನೋಡೋ ಹಾಗಿಲ್ಲ. ನೀನು ನಡಿ, ನಾನು ಹಿಂದೆ ಬರ್ತೀನಿ."

ಫೋನಿನ ವೈರು ಬಾಗಿಲವರೆಗೆ ಮಾತ್ರ ಬರುತ್ತಿತ್ತು. ಅಲ್ಲೇ ನಿಂತು ಹೇಳುತ್ತ ಹೋದೆ, ಬೆಳಕು ಎಲ್ಲಿಂದ ಬರುತ್ತದೆ, ಡಬ್ಬಿಗಳು ಎಲ್ಲಿವೆ ಎಂದು. "ನಿಮ್ಮತ್ತೆ ಎಲ್ಲಿದ್ದಾರೆ?" ಎಂದಳು. ಒಲೆಯ ಮುಂದೆ, ಎಂದೆ. "ತಲೆ ಎತ್ತಿದರೆ ಏನು ಕಾಣುತ್ತೆ ಕೇಳು."

"ರಸ್ತೆ ಕಾಣ್ತದೆ," ಎಂದರು ಅತ್ತೆ.

ಆ ಕಡೆ ಉಸಿರು ಬಿಟ್ಟದ್ದು ಕೇಳಿಸಿತು. "ಅವತ್ತು ಇಡೀ ದಿನ ಒಲೆ ಬಿಟ್ಟು ಬಿಟ್ಟು ಮುಂದಿನ ಕೋಣೆ ಕಿಟಕಿಗೆ ಹೋಗ್ತಿದ್ದರು. ಯಾರಾದರೂ ಬರ್ತಾರಾ ಅಂತ ನೋಡೋಕೆ. ಅದಕ್ಕೇ ಒಲೆಯನ್ನೇ ರಸ್ತೆ ಕಡೆ ತಂದೆ."

ನಾವು ಬೆಳಿಗ್ಗೆ ಕೆಲಸಕ್ಕೆ ಹೋದರೆ ಕತ್ತಲಾದ ಮೇಲೆ ಬರುವವರು. ಅದೇ ಮನೆಯಲ್ಲಿದ್ದ ನನಗೆ ಇದು ಕಂಡಿರಲಿಲ್ಲ. ಆಕೆ ಹೇಳಿದ್ದನ್ನು ಅತ್ತೆಗೆ ಹೇಳಿದೆ. ಅವರು ಸೌಟು ಕೆಳಗಿಟ್ಟರು.

"ಹಂಗಾರೆ ಹೇಳು ಅವ್ಳಿಗೆ. ಯಾವತ್ತಾರ ಬಂದ್ರೆ, ಮೊದ್ಲು ಕಾಣೋದು ನನಗೇ ಅಂತ."

ನಾನು ಅಳುತ್ತಲೇ ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅತ್ತೆ ಆಗಲೇ ಕಿಟಕಿಯ ಕಡೆ ತಿರುಗಿದ್ದರು.